ಹಸಿ ಗಾರೆ

ಬಾವುಟಗುಡ್ಡೆಯ ಏರಿನಲ್ಲಿ ಲಾದ್ರು ಮೇಸ್ತ್ರಿ
ಮೂರು ಸಲ ನಿಂತರು. ಉಸಿರಿಗಲ್ಲ,
ದಾರಿಬದಿಯ ಕಾಂಪೌಂಡಿಗೆ ಬೆರಳ ಗಂಟು ಬಡಿದು
ಕಿವಿಗೊಟ್ಟು ಕೇಳಲಿಕ್ಕೆ:
"ಟೊಳ್ಳು. ಯಾರದೋ ಅವಸರ."

ನಲವತ್ತು ವರ್ಷ ಊರಿನ ಗೋಡೆಗಳಿಗೆ ಬಣ್ಣ ಹೊಡೆದವರು,
ಹಂಪನಕಟ್ಟೆಯಿಂದ ಇಷ್ಟೇ ದೂರದ ಈ ಚಾಪೆಲ್ಲಿಗೆ
ಒಂದು ದಿನ ಬಂದವರಲ್ಲ.
"ಆದಿತ್ಯವಾರ ನನ್ನ ಇಗರ್ಜಿ ನನಗುಂಟು.
ಉಳಿದ ದಿನ ಏಣಿ."

ಈಗ ಏಣಿ ಇಲ್ಲ.
ಎಡಗಣ್ಣು ಸುಣ್ಣದ ಪಾಲು,
ಪದವಿನಂಗಡಿಯಲ್ಲೊಂದು ಮದುವೆಮನೆ, ಅರ್ಜೆಂಟು ಕೆಲಸ,
ಕುದಿಯುವ ಡ್ರಮ್ಮಿನಿಂದ ಹಾರಿದ್ದು ಒಂದೇ ಹನಿ.
ಬಲಗಣ್ಣಿಗೆ ಪೊರೆ.
ಬೆಳಕು ಎಲ್ಲಿಂದ ಬರುತ್ತದೆಂದು ಗೊತ್ತಾಗುತ್ತದೆ,
ಯಾವುದರ ಮೇಲೆ ಬೀಳುತ್ತದೆಂದು ಗೊತ್ತಾಗುವುದಿಲ್ಲ.

ಒಳಗೆ ತಂಪು.
ಹದಿನಾರು ವರ್ಷ ಅವರ ಬಕೆಟ್ ಹೊತ್ತ ನಾನು
ಇಂಚೂ ಖಾಲಿ ಬಿಡದ ಗೋಡೆ ಕಂಡದ್ದು ಅದೇ ಮೊದಲು.
ಕತ್ತು ಮೇಲೆ ಹೋದದ್ದು ಕೆಳಗೆ ಬರಲೊಲ್ಲದು.

"ಎಂತ ಉಂಟು ದೂಜ? ಹೇಳು ಮಾರಾಯ."

ಕಿರೀಟ ಬೇಡವೆಂದ ಹುಡುಗ, ಅಂದೆ.
ಅವನೇ ಆಮೇಲೆ ಪ್ಲೇಗಿನವರ ಮೈಗೆ ಹೆಗಲು ಕೊಟ್ಟಿದ್ದಾನೆ.
ದೇವದೂತರು. ರೆಕ್ಕೆ. ಮೋಡ,
ಮೋಡದಂಚಿಗೆ ಒಂದು ಬಗೆಯ ಗುಲಾಬಿ, ನಮ್ಮ ಡಬ್ಬದಲ್ಲಿ ಇಲ್ಲದ್ದು...

"ಆ ಕಥೆ ನನಗೆ ಗೊತ್ತು. ಬಿರುಕು ಉಂಟಾ?"

ಇಟಲಿಯ ಬ್ರದರ್ ಒಬ್ಬರು, ನೂರು ವರ್ಷದ ಮೇಲಾಯಿತು,
ಕೆಲವನ್ನು ಬಟ್ಟೆಯ ಮೇಲೆ ಬರೆದರು,
ಕೆಲವನ್ನು ಹಸಿ ಗಾರೆಯ ಮೇಲೆ, ಅಂದಳು ಗೈಡು ಹುಡುಗಿ.
ಹಸಿ ಎಂಬ ಮಾತಿಗೆ ಮೇಸ್ತ್ರಿಯ ಗಲ್ಲ ಅಲುಗಿತು.

"ಹಸಿ ಗಾರೆ ಕಾಯುವುದಿಲ್ಲ ದೂಜ.
ಬೆಳಿಗ್ಗೆ ಬಳಿದಷ್ಟನ್ನು ಸಂಜೆಯೊಳಗೆ ಮುಗಿಸಬೇಕು,
ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಶುರು.
ಒಂದು ದಿನ ಇನ್ನೊಂದು ದಿನಕ್ಕೆ ಸೇರಿದ ಜಾಗ
ಎಲ್ಲಾದರೂ ಇರಲೇಬೇಕು. ಹುಡುಕು."

ಹುಡುಕಿದೆ. ಸಂತರನ್ನು ಬಿಟ್ಟೆ, ಮುಖಗಳನ್ನು ಬಿಟ್ಟೆ.
ಮೂಲೆಯಲ್ಲಿ ಹೂಜಿ ಹಿಡಿದ ಆಳಿನ ಮೊಣಕೈ ಪಕ್ಕ
ನೀಲಿ ಕೊಂಚ ತಡವರಿಸಿದಲ್ಲಿ
ಕೂದಲೆಳೆಯಂಥ ಗೆರೆ.

ಅಲ್ಲಿ ಒಂದು ಸಂಜೆ ಆಗಿತ್ತು.
ಯಾರೋ ಅಲ್ಲಿ ಬೆನ್ನು ನೆಟ್ಟಗೆ ಮಾಡಿ, ಕುಂಚ ತೊಳೆದು,
ಸಿಕ್ಕಿದ್ದು ಉಂಡು ಮಲಗಿದ್ದರು.
ಗಾರೆ ಕಲಸಿದ ಹುಡುಗನೂ ಮನೆಗೆ ಹೊರಟಿದ್ದ.
ನಮ್ಮ ಕಡೆಯವನೇ ಇರಬೇಕು;
ಬಕೆಟ್ ಹೊರಲಿಕ್ಕೆ ಇಟಲಿಯಿಂದ ಯಾರು ಜನ ತರುತ್ತಾರೆ?

ಮೇಸ್ತ್ರಿಯ ಕೈ ಗೋಡೆಯತ್ತ ಹೋಗಿತ್ತು.
ಮುಟ್ಟಬಾರದು ಅಂತ ಬೋರ್ಡು ಉಂಟು, ಅಂದೆ.
ಅಂಗೈ ಒಂದು ಬೆರಳ ದೂರದಲ್ಲಿ ನಿಂತಿತು,
ನಿಂತೇ ಇತ್ತು,
ಒಲೆಯೆದುರು ಕೈ ಕಾಯಿಸುವವರ ಹಾಗೆ.
"ಮುಟ್ಟಲಿಲ್ಲಲ್ಲ. ತಂಪು ಬರ್ತದೆ."

ಆಮೇಲೆ ಮ್ಯೂಸಿಯಂ. ಟಿಕೆಟು ನಾನೇ ಮಾಡಿದೆ.
ಹಳೇ ಕಾರಿನ ಚಕ್ರ, ನಾಣ್ಯ, ದೀಪ, ಯಾವುಯಾವುದೋ ಯಂತ್ರ
ಒಂದೊಂದೂ ಓದಿ ಹೇಳಿದೆ, ಹ್ಞೂಂ ಹ್ಞೂಂ ಅಂದರು.
ತಿಮಿಂಗಿಲದ ಎಲುಬೆಂದಾಗ ಮಾತ್ರ ತಿರುಗಿ ನಿಂತರು.
"ಇದನ್ನೂ ಸುಟ್ಟರೆ ಸುಣ್ಣವೇ."
ಹುಡುಗಿ ನಕ್ಕಳು. ಅವರು ಲೆಕ್ಕ ಹಾಕುತ್ತಿದ್ದರು:
"ಮರುವಾಯಿ ಚಿಪ್ಪಾದರೆ ಎಷ್ಟು ಗೋಣಿ ಬೇಕು...
ಇದೊಂದರಲ್ಲೇ ನಮ್ಮ ಇಗರ್ಜಿಗೆ ಎರಡು ಕೋಟು ಆಗ್ತದೆ."

ಇಳಿಜಾರಿನಲ್ಲಿ ನನ್ನ ಹೆಗಲು ಹಿಡಿದರು.
ಯಾವ ಗೋಡೆಗೂ ಬಡಿಯಲಿಲ್ಲ.
ನಾಳೆ ಎಲ್ಲಿ ಕೆಲಸ, ಕೇಳಿದರು.
ಬಿಜೈಯಲ್ಲಿ ಫ್ಲಾಟು, ಅಂದೆ. ಪುಟ್ಟಿ, ರೋಲರು,
ಶುಕ್ರವಾರದೊಳಗೆ ಬೇಕಂತೆ. ಪೂರ್ತಿ ಬಿಳಿ.

"ಯಾವ ಬಿಳಿ?"

ಹದಿನೈದು ನಂಬರು ಬಂತು, ಹೋಯಿತು.
ಡಬ್ಬದ ಮೇಲಿನ ಹೆಸರು ನನಗೆ
ನೆನಪಾಗಲೇ ಇಲ್ಲ.